ಮನೆಯೊಳಗೆ ಸೈಕಲ್ ತಾಲೀಮು: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಮಳೆ ಹಿಡಿದ ಮೇಲೆ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದವು. ರಸ್ತೆಗೆ ಇಳಿಯಲು ಆಗುತ್ತಿಲ್ಲ, ಮನೆಯಲ್ಲೇ ಸೈಕಲ್ ತುಳಿಯಬೇಕು, ಅದೂ ಸುಮ್ನೆ ತುಳಿಯುವುದಲ್ಲ, ಲೆಕ್ಕ ಇಟ್ಟು ತುಳಿಯಬೇಕು, ಕಡಿಮೆ ಖರ್ಚಿನಲ್ಲಿ ಇದಕ್ಕೆ ಏನೇನು ಬೇಕು ಅಂತ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ. ಉದ್ದದ ಪತ್ರಗಳನ್ನು ಸ್ವಲ್ಪ ಕತ್ತರಿಸಿದ್ದೇನೆ, ಕೇಳಿದ್ದು ಮಾತ್ರ ಬಿಟ್ಟಿಲ್ಲ.

ಸಾಗರದಿಂದ ಒಬ್ಬ ಮೇಷ್ಟ್ರು: ಸರ್, ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೈಕಲ್ ಹೊರಗೆ ತೆಗೆಯುವ ಹಾಗೇ ಇಲ್ಲ. ಡಿಸೆಂಬರ್‌ನಲ್ಲಿ 200 ಕಿಲೋಮೀಟರ್ ಬ್ರೆವೆ ಮುಗಿಸಬೇಕು ಅಂತ ಆಸೆ. ನನ್ನದು ದಪ್ಪ ಹಲ್ಲಿನ ಟೈರ್ ಇರುವ ಎಂಟಿಬಿ. ಕೈಯಲ್ಲಿ 15,000 ರೂಪಾಯಿ ಇದೆ. ಸ್ಮಾರ್ಟ್ ಟ್ರೈನರ್ ಇಲ್ಲದೆ ಸರಿಯಾದ ತಾಲೀಮು ಆಗುವುದೇ ಇಲ್ಲ ಅಂತ ಅಂಗಡಿಯವರು ಹೇಳಿದರು. ನಿಜವಾ?

ನಿಜ ಅಲ್ಲ ಮೇಷ್ಟ್ರೇ. ಧೈರ್ಯವಾಗಿ ಶುರು ಮಾಡಿ.

ಬ್ರೆವೆ ಅಂದರೆ ಗೊತ್ತು ಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ, ರೇಸ್ ಅಲ್ಲ. 200 ಕಿಲೋಮೀಟರ್ ಬ್ರೆವೆಗೆ ಕೊಡುವ ಸಮಯ 13 ಗಂಟೆ 30 ನಿಮಿಷ. ಊಟ, ಚಹಾ, ಪಂಕ್ಚರ್ ಎಲ್ಲ ಸೇರಿಸಿದರೂ ಗಂಟೆಗೆ 15 ಕಿಲೋಮೀಟರ್‌ಗಿಂತ ಸ್ವಲ್ಪ ಕಡಿಮೆಯೇ ಆಯಿತು. ಅಲ್ಲಿ ಬೇಕಾಗಿರುವುದು ದಿನವಿಡೀ ಸೀಟಿನ ಮೇಲೆ ಕೂತು ತುಳಿಯುವ ತಾಕತ್ತು. ಅದನ್ನು ಕೂಡಿಸಿಕೊಳ್ಳಲು ಸ್ಮಾರ್ಟ್ ಟ್ರೈನರ್, ಅಂದರೆ ಆ್ಯಪ್ ಹೇಳಿದಷ್ಟು ಭಾರ ತಾನೇ ಹಾಕುವ ಐವತ್ತು ಸಾವಿರದ ಯಂತ್ರ, ಬೇಕಿಲ್ಲ.

ಲೆಕ್ಕದ ತಾಲೀಮು ಅಂದರೆ ಮೂರೇ ವಿಷಯ. ಎಷ್ಟು ಹೊತ್ತು ತುಳಿಯಬೇಕು, ಎಷ್ಟು ಜೋರಾಗಿ, ನಡುವೆ ಎಷ್ಟು ಬಿಡುವು. ಮೊದಲನೆಯದಕ್ಕೂ ಮೂರನೆಯದಕ್ಕೂ ನಿಮ್ಮ ಫೋನಿನ ಟೈಮರ್ ಸಾಕು, ಅದು ಬಿಟ್ಟಿ. ದುಡ್ಡು ಬೀಳುವುದು "ಎಷ್ಟು ಜೋರಾಗಿ" ಅನ್ನುವ ಒಂದೇ ಪ್ರಶ್ನೆಗೆ. ಅದನ್ನು ಅಳೆಯುವ ಕೋಲುಗಳು ಹಲವು: ನಿಮ್ಮ ಉಸಿರು, ಎದೆಬಡಿತ, ಚಕ್ರದ ವೇಗ, ಕೊನೆಗೆ ವ್ಯಾಟ್, ಅಂದರೆ ಕಾಲು ಪೆಡಲಿಗೆ ಹಾಕುವ ಶಕ್ತಿಯ ಅಳತೆ. ಯಾವ ಕೋಲು ಅನ್ನುವುದಕ್ಕಿಂತ ಪ್ರತಿ ಸಲ ಅದೇ ಕೋಲಿನಿಂದ, ಅದೇ ರೀತಿ ಅಳೆಯುತ್ತೀರಾ ಅನ್ನುವುದು ಮುಖ್ಯ. ಈ ಪುಟದಲ್ಲಿ ಇದನ್ನು ಇನ್ನೂ ನಾಲ್ಕು ಸಲ ಹೇಳುತ್ತೇನೆ, ಯಾಕೆಂದರೆ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ನಿಮ್ಮ 15,000ಕ್ಕೆ ಬರುವೆ. ಹಿಂದಿನ ಚಕ್ರವನ್ನು ಎತ್ತಿ ಹಿಡಿದು, ಟೈರಿಗೆ ಒಂದು ರೋಲರ್ ಒತ್ತುವ ಮ್ಯಾಗ್ನೆಟ್ ಟ್ರೈನರ್ ತೆಗೆದುಕೊಳ್ಳಿ. ಹೊಸದಕ್ಕೆ ಸಾಮಾನ್ಯವಾಗಿ ಹತ್ತು ಸಾವಿರದ ಆಸುಪಾಸು ಆಗುತ್ತದೆ, ಹಳೆಯದು ಸಿಕ್ಕರೆ ಇನ್ನೂ ಒಳ್ಳೆಯದು, ಇದರಲ್ಲಿ ಕೆಡುವ ಭಾಗ ಕಡಿಮೆ. ಆದರೆ ದುಡ್ಡು ಕೊಡುವ ಮೊದಲು ಎರಡು ವಿಷಯ ನೋಡಲೇಬೇಕು. ನಿಮ್ಮ ಚಕ್ರದ ಅಳತೆ, ಅಂದರೆ 26, 27.5 ಅಥವಾ 29, ಅದಕ್ಕೆ ಹೊಂದುತ್ತದಾ? ಎರಡನೆಯದು, ನಿಮ್ಮ ಹಿಂದಿನ ಚಕ್ರ ಕೂತಿರುವುದು ಕೈಯಿಂದಲೇ ಲಿವರ್ ತಿರುಗಿಸಿ ಬಿಚ್ಚುವ ಕ್ವಿಕ್ ರಿಲೀಸ್ ಕಡ್ಡಿಯಲ್ಲಾ ಅಥವಾ ಎರಡು ಕಡೆ ನಟ್ ಬಿಗಿದಾ? ನಮ್ಮಲ್ಲಿ ಕಡಿಮೆ ಬೆಲೆಯ ಸೈಕಲ್‌ಗಳಲ್ಲಿ ನಟ್ ಇರುವುದೇ ಜಾಸ್ತಿ. ಟ್ರೈನರ್ ಜೊತೆ ಬರುವ ಸ್ಟೀಲ್ ಕಡ್ಡಿ ಕ್ವಿಕ್ ರಿಲೀಸ್ ಚಕ್ರಕ್ಕೆ ಮಾತ್ರ. ನಟ್ ಇದ್ದರೆ ಅದಕ್ಕೆಂದೇ ಬರುವ ಬೇರೆ ನಟ್ ಕೇಳಿ ತರಿಸಬೇಕು. ಇದು ಗೊತ್ತಿಲ್ಲದೆ ಟ್ರೈನರ್ ಮನೆಗೆ ತಂದು, ಸೈಕಲ್ ಹತ್ತಿಸಲಾಗದೆ ಮೂಲೆಗೆ ಇಟ್ಟವರು ನನಗೇ ಮೂವರು ಗೊತ್ತು.

ಹಲ್ಲಿನ ಟೈರ್ ಟ್ರೈನರ್ ಮೇಲೆ ಬೇಡ. ಗುಡುಗಿದ ಹಾಗೆ ಸದ್ದು ಮಾಡುತ್ತದೆ, ಜಾರುತ್ತದೆ, ಬೇಗ ಸವೆಯುತ್ತದೆ. ಅದೇ ಅಳತೆಯ ನುಣುಪು ಟೈರ್ ಒಂದನ್ನು ಹಿಂದಕ್ಕೆ ಹಾಕಿಸಿ. ಮುಂದಿನ ಚಕ್ರದ ಕೆಳಗೆ ಇಡುವ ಪ್ಲಾಸ್ಟಿಕ್ ಕಟ್ಟೆ ಕೊಳ್ಳಬೇಡಿ, ಸೈಕಲ್ ಸಮತಟ್ಟಾಗಿ ನಿಲ್ಲುವಷ್ಟು ದಪ್ಪದ ಹಲಗೆ ಇಟ್ಟರೆ ಆಯಿತು. ಮಿಕ್ಕ ದುಡ್ಡಿನಲ್ಲಿ ಎದೆಗೆ ಕಟ್ಟುವ ಹಾರ್ಟ್ ರೇಟ್ ಪಟ್ಟಿ ಬಂದರೆ ತನ್ನಿ, ಬರದಿದ್ದರೆ ಮುಂದಿನ ತಿಂಗಳು ತನ್ನಿ.

ವಾರಕ್ಕೆ ಮೂರು ದಿನ ಸಾಕು. ಎರಡು ದಿನ ಮಾತಾಡುತ್ತಾ ತುಳಿಯಬಹುದಾದ ಹದದಲ್ಲಿ ಒಂದೊಂದು ಗಂಟೆ. ಇನ್ನೊಂದು ದಿನ ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡು, 8 ನಿಮಿಷ ಜೋರು, 4 ನಿಮಿಷ ಹಗುರ, ಹೀಗೆ ನಾಲ್ಕು ಸಲ. ಇದಕ್ಕೇ ಇಂಟರ್ವಲ್ ಅನ್ನುವುದು. ಜೋರು ಅಂದರೆ ಎರಡು ಮೂರು ಪದಕ್ಕಿಂತ ಜಾಸ್ತಿ ಒಟ್ಟಿಗೆ ಹೇಳಲು ಆಗಬಾರದು, ಆದರೆ ನಾಲ್ಕನೆಯದನ್ನೂ ಮೊದಲನೆಯದರಷ್ಟೇ ಗಟ್ಟಿಯಾಗಿ ಮುಗಿಸಲು ಆಗಬೇಕು. ಮಳೆ ಬಿಟ್ಟ ಭಾನುವಾರ ಸಿಕ್ಕರೆ ಬಿಡಬೇಡಿ, ಹೊರಗೆ ಹೋಗಿ. ಸೀಟಿನ ಮೇಲೆ ಐದಾರು ಗಂಟೆ ಕೂರುವ ಅಭ್ಯಾಸ ರಸ್ತೆಯಲ್ಲೇ ಆಗಬೇಕು.

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಿಂದ: ಪರಿಚಯದವರಿಂದ ಹಳೆಯ ಫ್ಲೂಯಿಡ್ ಟ್ರೈನರ್ ತೆಗೆದುಕೊಂಡೆ. ಸ್ಪೀಡ್ ಸೆನ್ಸರ್ ಹಾಕಿ ಜ್ವಿಫ್ಟ್ ಅನ್ನುವ ಸೈಕಲ್ ಆ್ಯಪ್‌ನಲ್ಲಿ ತುಳಿದರೆ ಒಂದು ದಿನ 210 ವ್ಯಾಟ್ ತೋರಿಸುತ್ತದೆ, ಮರುದಿನ ಅಷ್ಟೇ ಕಷ್ಟಪಟ್ಟರೂ 180. ಯಾವುದನ್ನು ನಂಬಲಿ? ಇನ್ನೊಂದು, ಕೆಳಗಿನ ಮನೆಯವರು ಎರಡು ಸಲ ಬಂದು ಸದ್ದು ಅಂತ ಹೇಳಿ ಹೋದರು.

ಎರಡನ್ನೂ ಪೂರ್ತಿ ನಂಬಬೇಡಿ, ಆದರೆ ಸೆನ್ಸರ್ ಬಿಸಾಡಲೂ ಬೇಡಿ. ನಡೆಯುತ್ತಿರುವುದು ಇಷ್ಟು. ಫ್ಲೂಯಿಡ್ ಅಂದರೆ ಒಳಗಿನ ಎಣ್ಣೆಯಿಂದ ಭಾರ ಕೊಡುವ ಟ್ರೈನರ್. ನಿಮ್ಮ ಟ್ರೈನರ್‌ನಲ್ಲಿ ವ್ಯಾಟ್ ಅಳೆಯುವ ಭಾಗವೇ ಇಲ್ಲ. ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ಸೆನ್ಸರ್ ಹೇಳುತ್ತದೆ, "ಈ ಮಾದರಿಯ ಟ್ರೈನರ್‌ನಲ್ಲಿ ಈ ವೇಗಕ್ಕೆ ಇಷ್ಟು ವ್ಯಾಟ್" ಅನ್ನುವ ಲೆಕ್ಕ ಆ್ಯಪ್‌ನಲ್ಲಿ ಮೊದಲೇ ಇರುತ್ತದೆ. ಆ ಲೆಕ್ಕ ಟೈರಿನ ಗಾಳಿ ಸರಿಯಿದೆ, ರೋಲರ್ ಸರಿಯಾಗಿ ಒತ್ತಿದೆ, ಒಳಗಿನ ಎಣ್ಣೆ ಬಿಸಿಯಾಗಿದೆ ಅಂತ ಅಂದುಕೊಂಡು ಮಾಡಿದ್ದು. ಇವುಗಳಲ್ಲಿ ಒಂದು ಬದಲಾದರೂ ನಿಮ್ಮ ಕಾಲು ಹಾಕಿದ ಶ್ರಮ ಒಂದು, ಪರದೆಯ ಮೇಲಿನ ಅಂಕಿ ಇನ್ನೊಂದು.

ಅದರಲ್ಲೂ ಫ್ಲೂಯಿಡ್ ಟ್ರೈನರ್‌ನಲ್ಲಿ ಸಣ್ಣ ತಪ್ಪು ದೊಡ್ಡದಾಗುತ್ತದೆ. ಮ್ಯಾಗ್ನೆಟ್ ಟ್ರೈನರ್‌ನಲ್ಲಿ ವೇಗ ಹತ್ತು ಪರ್ಸೆಂಟ್ ಏರಿದರೆ ವ್ಯಾಟ್ ಕೂಡ ಹೆಚ್ಚುಕಡಿಮೆ ಹತ್ತು ಪರ್ಸೆಂಟ್ ಏರುತ್ತದೆ. ಫ್ಲೂಯಿಡ್‌ನಲ್ಲಿ ಹಾಗಲ್ಲ. 30 ಕಿಲೋಮೀಟರ್ ವೇಗ 33 ಆದರೆ ವ್ಯಾಟ್ ಮೂರನೇ ಒಂದು ಭಾಗದಷ್ಟೇ ಜಾಸ್ತಿ ಆಗಿಬಿಡುತ್ತದೆ. ರಸ್ತೆಯಲ್ಲಿ ಗಾಳಿ ಎದುರಿಸುವಾಗ ಆಗುವುದೂ ಇದೇ, ಅದಕ್ಕೇ ಫ್ಲೂಯಿಡ್ ಟ್ರೈನರ್ ತುಳಿದರೆ ರಸ್ತೆಯ ಹಾಗೆ ಅನಿಸುವುದು. ಆದರೆ ರೋಲರ್ ಸ್ವಲ್ಪ ಸಡಿಲವಾಗಿ ಚಕ್ರ ಹಗುರವಾಗಿ ತಿರುಗಿದರೂ ಆ್ಯಪ್ ನಿಮಗೆ ಸುಮ್ನೆ ಮೂವತ್ತು ವ್ಯಾಟ್ ಕೊಟ್ಟುಬಿಡುತ್ತದೆ.

ಮಾಡಬೇಕಾದ್ದು ಕಷ್ಟದ್ದೇನಲ್ಲ. ಗೇಜ್ ಇರುವ ಪಂಪ್‌ನಿಂದ ಪ್ರತಿ ಸಲ ಒಂದೇ ಅಳತೆಗೆ ಗಾಳಿ ತುಂಬಿಸಿ. ರೋಲರ್ ಟೈರಿಗೆ ತಾಗಿದ ಮೇಲೆ ತಿರುಪನ್ನು ಎಷ್ಟು ಸುತ್ತು ತಿರುಗಿಸುತ್ತೀರಿ ಅಂತ ಎಣಿಸಿ ಗೋಡೆಯ ಮೇಲೆ ಬರೆದಿಡಿ, ಪ್ರತಿ ಸಲ ಅಷ್ಟೇ ಸುತ್ತು. ಮೊದಲ ಹತ್ತು ನಿಮಿಷದ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಮೇಲೆ 30 ಕಿಲೋಮೀಟರ್ ವೇಗಕ್ಕೆ ತಂದು ಕಾಲು ನಿಲ್ಲಿಸಿ, ಚಕ್ರ ತಾನಾಗಿ ನಿಲ್ಲಲು ಎಷ್ಟು ಸೆಕೆಂಡ್ ಬೇಕು ನೋಡಿ. ಆ ಸೆಕೆಂಡು ನಿನ್ನೆಯಷ್ಟೇ ಬಂದರೆ ಇವತ್ತಿನ 190 ನಿನ್ನೆಯ 190ಕ್ಕೆ ಸಮ. ಅದು ನಿಜಕ್ಕೂ 175 ಇರಬಹುದು, 205 ಇರಬಹುದು, ನಿಮ್ಮ ತಾಲೀಮಿಗೆ ಅದರಿಂದ ಏನೂ ತೊಂದರೆ ಇಲ್ಲ. ಬೇರೆಯವರ ಅಂಕಿಯ ಜೊತೆ ಹೋಲಿಸಬೇಡಿ ಅಷ್ಟೇ.

ಈಗ ಕೆಳಗಿನ ಮನೆಯವರ ವಿಷಯ. ಅವರಿಗೆ ತೊಂದರೆ ಕೊಡುವುದು ನಿಮಗೆ ಕೇಳುವ ಟೈರಿನ ಸದ್ದಿಗಿಂತ ನೆಲದ ಮೂಲಕ ಇಳಿಯುವ ಕಂಪನ. ತೆಳು ಯೋಗ ಮ್ಯಾಟ್ ಒಂದು ಹಾಕಿದರೆ ಅದು ನಿಲ್ಲುವುದಿಲ್ಲ. ದಪ್ಪ ರಬ್ಬರ್ ಮ್ಯಾಟ್, ಅದರ ಮೇಲೆ ಪ್ಲೈವುಡ್ ಹಲಗೆ, ಅದರ ಮೇಲೆ ಟ್ರೈನರ್ ಇಡಿ. ಕೋಣೆಯ ನಡುವೆ ಬೇಡ, ಪಿಲ್ಲರ್ ಅಥವಾ ಗೋಡೆಯ ಹತ್ತಿರಕ್ಕೆ ತನ್ನಿ, ಅಲ್ಲಿ ನೆಲ ಕಡಿಮೆ ಅದುರುತ್ತದೆ. ನುಣುಪು ಟೈರ್ ಹಾಕಿ. ಇಷ್ಟು ಮಾಡಿದ ಮೇಲೆ ನೀವೇ ಒಂದು ಸಲ ಕೆಳಗೆ ಹೋಗಿ, ಬೆಳಗ್ಗೆ ಎಷ್ಟು ಗಂಟೆಗೆ ತುಳಿದರೆ ಅವರಿಗೆ ತೊಂದರೆ ಆಗುವುದಿಲ್ಲ ಅಂತ ಕೇಳಿಕೊಂಡು ಬನ್ನಿ. ಐದೂವರೆಗೆ ಬೇಡ ಅಂದವರು ಏಳು ಗಂಟೆಗೆ ಒಪ್ಪುತ್ತಾರೆ. ಅವರ ಮನೆಯಲ್ಲಿ ಹುಷಾರಿಲ್ಲದವರೋ ಎಳೆ ಮಗುವೋ ಇರಬಹುದು, ಅಲ್ವಾ?

ವಿಜಯಪುರದಿಂದ, ಪಿಯುಸಿ ಓದುವ ಹುಡುಗ: ಸರ, ನನ್ನ ಹತ್ರ ರೋಡ್ ಸೈಕಲ್ ಐತಿ, ಸೀನಿಯರ್ ಒಬ್ಬರು ಅವರ ಹಳೇ ರೋಲರ್ಸ್ ಕೊಟ್ಟಾರ. ಎಲ್ಲಾರೂ ಪವರ್ ಮೀಟರ್ ಇಲ್ಲದ ಇಂಟರ್ವಲ್ ಮಾಡಿದ್ರ ಉಪಯೋಗ ಇಲ್ಲ ಅಂತಾರ. ಮನ್ಯಾಗ ಅಷ್ಟು ರೊಕ್ಕ ಕೇಳಾಕ ಆಗೂದಿಲ್ಲ. ಏನ್ ಮಾಡ್ಲಿ?

ತಮ್ಮಾ, ಮನೆಯಲ್ಲಿ ಕೇಳಬೇಡ. ವ್ಯಾಟ್ ಅಳೆಯುವ ಪವರ್ ಮೀಟರ್ ಬೇಕಾಗಿಯೂ ಇಲ್ಲ. ನಿನ್ನ ಊರಿನ ಕಡೆಯಿಂದ, ಬಾಗಲಕೋಟೆ ಕಡೆಯಿಂದ, ಎಷ್ಟೋ ಹುಡುಗ ಹುಡುಗಿಯರು ರಾಷ್ಟ್ರ ಮಟ್ಟದ ಸೈಕ್ಲಿಂಗ್‌ನಲ್ಲಿ ಪದಕ ತಂದಿದ್ದಾರೆ. ರೋಲರ್ಸ್, ಅಂದರೆ ಸೈಕಲನ್ನು ಎಲ್ಲೂ ಬಿಗಿಯದೆ ಉರುಳೆಗಳ ಮೇಲೆ ಇಟ್ಟು ತುಳಿಯುವ ಚೌಕಟ್ಟು, ನಿನಗೆ ಸಿಕ್ಕಿರುವುದೇ ದೊಡ್ಡ ಆಸ್ತಿ. ಅದರ ಮೇಲೆ ಬೀಳದೆ ತುಳಿಯಲು ಕಲಿತವನ ಕಾಲು ಗುಂಡಗೆ ತಿರುಗುತ್ತದೆ, ಮೈ ಅಲುಗಾಡುವುದಿಲ್ಲ. ಮೊದಲ ವಾರ ಬಾಗಿಲ ಚೌಕಟ್ಟಿನ ನಡುವೆ ಇಟ್ಟುಕೊಂಡು ತುಳಿ, ಓಲಾಡಿದರೆ ಕೈ ಚಾಚಿ ಹಿಡಿಯಬಹುದು.

ಈಗ ಅಳತೆಗೆ ಬಾ. ಕ್ಯಾಡೆನ್ಸ್, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ತುಳಿಯುತ್ತೀಯ ಅನ್ನುವುದಕ್ಕೆ ಸೆನ್ಸರ್ ಬೇಡ. ಬಲ ಮಂಡಿ ಮೇಲೆ ಬರುವುದನ್ನು 15 ಸೆಕೆಂಡ್ ಎಣಿಸು, ನಾಲ್ಕರಿಂದ ಗುಣಿಸು. 22 ಅಥವಾ 23 ಬಂದರೆ ನೀನು 90ರ ಹತ್ತಿರ ಇದ್ದೀಯ. ಫೋನಿನಲ್ಲಿ ಸಂಗೀತದವರು ಬಳಸುವ ಮೆಟ್ರೊನೋಮ್ ಆ್ಯಪ್ ಬಿಟ್ಟಿ ಸಿಗುತ್ತದೆ, 90ಕ್ಕೆ ಇಟ್ಟು ಆ ಟಿಕ್ ಟಿಕ್‌ಗೆ ಬಲಗಾಲು ಕೂಡಿಸು.

ಕ್ಯಾಡೆನ್ಸ್ ಗೊತ್ತಾದರೆ ವೇಗ ತಾನಾಗಿ ಗೊತ್ತಾಗುತ್ತದೆ. ಮುಂದೆ 50 ಹಲ್ಲು, ಹಿಂದೆ 17 ಹಲ್ಲಿನ ಗೇರ್ ಹಾಕಿದ್ದೀಯ ಅಂದುಕೋ. ರೋಡ್ ಸೈಕಲ್ ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. 50ನ್ನು 17ರಿಂದ ಭಾಗಿಸಿ 2.1ರಿಂದ ಗುಣಿಸಿದರೆ ಪೆಡಲಿನ ಒಂದು ಸುತ್ತಿಗೆ 6.18 ಮೀಟರ್. 90 ಸುತ್ತಿಗೆ 556 ಮೀಟರ್, ಗಂಟೆಗೆ 33 ಕಿಲೋಮೀಟರ್ ಚಿಲ್ಲರೆ. ನಿನ್ನ ಎಲ್ಲ ಗೇರ್‌ಗೂ ಹೀಗೆ ಲೆಕ್ಕ ಹಾಕಿ ಒಂದು ಹಾಳೆಯಲ್ಲಿ ಬರೆದು ರೋಲರ್ ಮುಂದಿನ ಗೋಡೆಗೆ ಅಂಟಿಸು. ಅದೇ ರೋಲರ್, ಅದೇ ಗಾಳಿ, ಅದೇ ಗೇರ್, ಅದೇ ಕ್ಯಾಡೆನ್ಸ್ ಇದ್ದರೆ ನಿನ್ನ ಕಾಲು ಹಾಕುವ ಶಕ್ತಿಯೂ ಹೆಚ್ಚುಕಡಿಮೆ ಅದೇ. ಇವತ್ತು 50-17ರಲ್ಲಿ ಐದು ಸಲ 5 ನಿಮಿಷ ಆಯಿತು, ಮುಂದಿನ ತಿಂಗಳು 50-16ರಲ್ಲಿ ಆಯಿತು ಅಂದರೆ ನೀನು ಬೆಳೆದಿದ್ದೀಯ, ಯಾವ ಮೀಟರೂ ಹೇಳಬೇಕಾಗಿಲ್ಲ.

ಬರೀ ರೋಲರ್ಸ್‌ನಲ್ಲಿ ಭಾರ ಕಡಿಮೆ, ಅದನ್ನು ತಿಳಿದುಕೋ. ಕಾಲಿಗೆ ನಿಜವಾದ ಭಾರ ಬೇಕಾದ ದಿನ ಎದುರುಗಾಳಿ ಇರುವ ಬಯಲು ರಸ್ತೆಗೆ ಹೋಗು, ಅದು ನಿಮ್ಮಲ್ಲಿ ಬೇಕಾದಷ್ಟಿದೆ.

ಒಂದೇ ಒಂದು ವಸ್ತು ಕೊಳ್ಳಲು ಆದರೆ ಎದೆಪಟ್ಟಿ ಕೊಂಡುಕೋ. ಆಮೇಲೆ ಒಂದು ಪರೀಕ್ಷೆ. ಚೆನ್ನಾಗಿ ಮೈ ಬಿಸಿ ಮಾಡಿಕೊಂಡು, ಕೋಚ್ ಎದುರಲ್ಲಿ, ಜೊತೆಗೆ ಬೇರೆ ಸವಾರರಿಲ್ಲದೆ ಒಬ್ಬನೇ 30 ನಿಮಿಷ ನಿನ್ನಿಂದ ಆಗುವಷ್ಟು ಜೋರಾಗಿ ಒಂದೇ ಸಮನೆ ತುಳಿ. ಕೊನೆಯ 20 ನಿಮಿಷದ ಸರಾಸರಿ ಎದೆಬಡಿತ ನಿನ್ನ ಮಿತಿಯ ಗೆರೆ. ಅಮೆರಿಕದ ಕೋಚ್ ಜೋ ಫ್ರೀಲ್ ಹೇಳಿಕೊಟ್ಟ ವಿಧಾನ ಇದು. ಗೆರೆ 170 ಬಂದರೆ ಅದರ 81ರಿಂದ 89 ಪರ್ಸೆಂಟ್, ಅಂದರೆ 138ರಿಂದ 151, ನಿನ್ನ ಉದ್ದದ ಹಗುರ ಸವಾರಿಗಳ ಜಾಗ. ಹುಡುಗರು ತಪ್ಪುವುದು ಇಲ್ಲೇ. ಹಗುರದ ದಿನ ಗೆಳೆಯರ ಜೊತೆ ರೇಸ್‌ಗೆ ಬೀಳುತ್ತಾರೆ, ಮರುದಿನ ಇಂಟರ್ವಲ್‌ಗೆ ಕಾಲಿನಲ್ಲಿ ಏನೂ ಉಳಿದಿರುವುದಿಲ್ಲ. ಒಂದು ಮಾತು ನೆನಪಿಡು: 30 ಸೆಕೆಂಡ್, ಒಂದು ನಿಮಿಷದ ಸಣ್ಣ ಇಂಟರ್ವಲ್‌ಗೆ ಎದೆಬಡಿತ ನೋಡಬೇಡ. ಅದು ಏರುವ ಹೊತ್ತಿಗೆ ಇಂಟರ್ವಲ್ ಮುಗಿದಿರುತ್ತದೆ. ಅಲ್ಲಿ ಗೇರ್ ಮತ್ತು ಕ್ಯಾಡೆನ್ಸೇ ಲೆಕ್ಕ.

ಮಂಗಳೂರಿನಿಂದ, 46 ವರ್ಷದ ಓದುಗರು: ಮನೆಯಲ್ಲಿ ಟ್ರೈನರ್ ಮೇಲೆ ನಲವತ್ತು ನಿಮಿಷ ಆಗುವಷ್ಟರಲ್ಲಿ ನನ್ನ ವಾಚ್‌ನಲ್ಲಿ ಎದೆಬಡಿತ 170 ದಾಟುತ್ತದೆ. ಅದೇ ಗೇರ್, ಅದೇ ವೇಗ, ಶುರುವಿನಲ್ಲಿ 135 ಇರುತ್ತದೆ. ಕೆಲವೊಮ್ಮೆ ಇದ್ದಕ್ಕಿದ್ದಂತೆ 90ಕ್ಕೆ ಇಳಿಯುತ್ತದೆ. 220ರಲ್ಲಿ ವಯಸ್ಸು ಕಳೆದರೆ ನನ್ನ ಗರಿಷ್ಠ 174 ಅಂತೆ. ಹೆದರಿಕೆ ಆಗುತ್ತದೆ.

ಅಕ್ಕಾ, ಮೊದಲು ಮುಖ್ಯವಾದದ್ದು. ಎದೆ ಬಿಗಿಯುವುದು, ತಲೆ ಸುತ್ತುವುದು, ಉಸಿರು ಸಿಗದಿರುವುದು ಒಂದು ಸಲ ಆಗಿದ್ದರೂ ಟ್ರೈನರ್ ಬಿಟ್ಟು ಡಾಕ್ಟರ ಹತ್ತಿರ ಹೋಗಿ. ಇವು ಯಾವುವೂ ಇಲ್ಲದಿದ್ದರೂ ಜೋರು ಇಂಟರ್ವಲ್ ಶುರು ಮಾಡುವ ಮೊದಲು ಒಂದು ಸಲ ತೋರಿಸಿಕೊಳ್ಳಿ.

ಆಮೇಲೆ, 220 ಕಳೆಯುವ ಲೆಕ್ಕ ಒಂದು ಅಂದಾಜು ಮಾತ್ರ. ಒಂದೇ ವಯಸ್ಸಿನವರಲ್ಲೂ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲು. ಇನ್ನು 90ಕ್ಕೆ ಇಳಿಯುವುದು ಬಹುಮಟ್ಟಿಗೆ ವಾಚ್‌ನದ್ದೇ ತಪ್ಪು. ಅದು ಚರ್ಮದ ಮೇಲೆ ಬೆಳಕು ಬಿಟ್ಟು ರಕ್ತದ ಏರಿಳಿತ ನೋಡುತ್ತದೆ. ಹ್ಯಾಂಡಲ್ ಹಿಡಿದು ಮಣಿಕಟ್ಟು ಮಡಚಿದರೆ, ಬೆವರು ತುಂಬಿದರೆ, ಪಟ್ಟಿ ಸಡಿಲ ಇದ್ದರೆ ಅದಕ್ಕೆ ದಾರಿ ತಪ್ಪುತ್ತದೆ. ಎದೆಪಟ್ಟಿ ಹೃದಯದ ವಿದ್ಯುತ್ತನ್ನೇ ಹಿಡಿಯುತ್ತದೆ, ಹಾಗಾಗಿ ನಂಬಬಹುದು. ಕಟ್ಟಿಕೊಳ್ಳುವ ಮೊದಲು ಪಟ್ಟಿಯ ಒಳಭಾಗವನ್ನು ನೀರಿನಲ್ಲಿ ಒದ್ದೆ ಮಾಡಿ, ಮುಗಿದ ಮೇಲೆ ಸೆನ್ಸರ್ ಗುಂಡಿ ತೆಗೆದಿಟ್ಟು ಪಟ್ಟಿಯನ್ನು ತೊಳೆದು ಒಣಗಿಸಿ. ಪೋಲಾರ್ ಎಚ್10ನಂಥ ದುಬಾರಿಯದೇ ಬೇಕಿಲ್ಲ, ಕೂಸ್ಪೊ, ಮ್ಯಾಜೀನ್ ಥರದವು ಅದರ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತವೆ.

ಆದರೆ 135ರಿಂದ 170ಕ್ಕೆ ಮೆಲ್ಲಗೆ ಏರುವುದಿದೆಯಲ್ಲ, ಅದು ನಿಜವೇ ಇರಬಹುದು, ಅದಕ್ಕೆ ಕಾರಣ ಸೆಕೆ. ರಸ್ತೆಯಲ್ಲಿ ಗಾಳಿ ತಾನಾಗಿ ಬೀಸುತ್ತದೆ, ಬೆವರು ಆರುತ್ತದೆ, ಮೈ ತಣ್ಣಗಾಗುತ್ತದೆ. ಕೋಣೆಯಲ್ಲಿ, ಅದೂ ಮಂಗಳೂರಿನ ಹಸಿ ಗಾಳಿಯಲ್ಲಿ, ಬೆವರು ಆರುವುದಿಲ್ಲ, ಸುಮ್ನೆ ಇಳಿಯುತ್ತದೆ. ಮೈ ತಣ್ಣಗಾಗಿಸಲು ರಕ್ತ ಚರ್ಮದ ಕಡೆಗೆ ಹರಿಯುತ್ತದೆ, ನೀರೂ ಕಡಿಮೆ ಆಗುತ್ತದೆ, ಅದೇ ಕೆಲಸಕ್ಕೆ ಹೃದಯ ಜಾಸ್ತಿ ಸಲ ಬಡಿಯಬೇಕಾಗುತ್ತದೆ. ಸೀಲಿಂಗ್ ಫ್ಯಾನ್ ಇದಕ್ಕೆ ಸಾಲದು. ದೊಡ್ಡ ಪೆಡಸ್ಟಲ್ ಫ್ಯಾನ್ ಒಂದನ್ನು ಮುಂದೆ, ಎದೆಗೆ ನೇರ ಬೀಸುವ ಹಾಗೆ ಇಡಿ, ಕಿಟಕಿ ತೆರೆಯಿರಿ, ಮನೆಯಲ್ಲಿ ಟೇಬಲ್ ಫ್ಯಾನ್ ಇದ್ದರೆ ಅದನ್ನು ಬೆನ್ನ ಕಡೆ ಇಡಿ. ಮನೆಯೊಳಗಿನ ತಾಲೀಮಿಗೆ ಮೊದಲ ದುಡ್ಡು ಯಾವುದಕ್ಕೆ ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಫ್ಯಾನ್. ಎಷ್ಟೋ ಜನ ತಮ್ಮ ಕಾಲು ಸೋತಿತು ಅಂದುಕೊಳ್ಳುತ್ತಾರೆ, ಸೋತಿರುವುದು ಮೈ ತಣ್ಣಗಾಗದೆ. ಉಪ್ಪು ಹಾಕಿದ ನೀರು ಮಜ್ಜಿಗೆ ಒಂದು ಬಾಟಲ್ ಕೈಗೆ ಸಿಗುವ ಹಾಗೆ ಇರಲಿ. ಗಂಟೆ ದಾಟುವ ದಿನ ಅಂಗಡಿಯ ಓಆರ್‌ಎಸ್ ಆದರೂ ಸರಿ.

ಬೆವರಿನ ಬಗ್ಗೆ ಇನ್ನೊಂದು. ಹ್ಯಾಂಡಲ್ ಮತ್ತು ಮೇಲಿನ ಪೈಪಿನ ಮೇಲೆ ಟವೆಲ್ ಹಾಸಿ, ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಸೈಕಲ್ ಒರೆಸಿ. ಒಂದು ಮಳೆಗಾಲ ಪೂರ್ತಿ ಟವೆಲ್ ಹಾಕದೆ ತುಳಿದಿದ್ದೆ, ಆಮೇಲೆ ಸರ್ವಿಸ್‌ಗೆ ಬಿಚ್ಚಿದಾಗ ನನ್ನ ಹ್ಯಾಂಡಲ್ ಹಿಡಿದಿರುವ ಬೋಲ್ಟುಗಳು ತುಕ್ಕು ಹಿಡಿದು ತಲೆ ಮುರಿದು ಬಂದವು. ಅದು ಇಳಿಜಾರಿನಲ್ಲಿ ಆಗಿದ್ದರೆ ಏನು ಗತಿ ಅಂತ ಈಗಲೂ ಯೋಚನೆ ಬರುತ್ತದೆ.

ಹುಬ್ಬಳ್ಳಿಯಿಂದ: ಜ್ವಿಫ್ಟ್‌ಗೆ ತಿಂಗಳು ತಿಂಗಳು ಕಟ್ಟುವುದು ಭಾರ ಆಗುತ್ತದೆ. ಬಿಟ್ಟಿ ಆ್ಯಪ್‌ಗಳು ಸರಿಯಾಗಿವೆಯಾ? ಇನ್ನೊಂದು ತಲೆನೋವು, ಸೆನ್ಸರ್ ಫೋನಿಗೆ ಕನೆಕ್ಟ್ ಆಗಿದೆ ಅಂತ ತೋರಿಸುತ್ತದೆ, ಆದರೆ ಆ್ಯಪ್‌ನಲ್ಲಿ ಕಾಣುವುದೇ ಇಲ್ಲ.

ಎರಡನೆಯದು ಮೊದಲು, ಯಾಕೆಂದರೆ ಇದೇ ಪ್ರಶ್ನೆ ವಾರಕ್ಕೊಂದು ಬರುತ್ತದೆ. ಫೋನಿನ ಬ್ಲೂಟೂತ್ ಸೆಟ್ಟಿಂಗ್‌ಗೆ ಹೋಗಿ ಸೆನ್ಸರ್ ಜೋಡಿಸಬೇಡಿ. ಜೋಡಿಸಿದ್ದರೆ ಅಲ್ಲಿಂದ ಅಳಿಸಿ, ಆ್ಯಪ್ ಒಳಗಿನಿಂದಲೇ ಹುಡುಕಿ. ಬಹಳಷ್ಟು ಸೆನ್ಸರ್‌ಗಳು ಬ್ಲೂಟೂತ್‌ನಲ್ಲಿ ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಮಾತು ಕೊಡುತ್ತವೆ. ನಿಮ್ಮ ಸೈಕಲ್ ಮೀಟರೋ ಇನ್ನೊಂದು ಆ್ಯಪೋ ಅದನ್ನು ಹಿಡಿದಿದ್ದರೆ ಜ್ವಿಫ್ಟ್‌ಗೆ ಸಿಗುವುದಿಲ್ಲ. ಆಂಟ್ ಪ್ಲಸ್ ಅನ್ನುವ ಇನ್ನೊಂದು ದಾರಿಯಲ್ಲಿ ಒಟ್ಟಿಗೆ ಎಷ್ಟು ಜನ ಬೇಕಾದರೂ ಕೇಳಬಹುದು, ಆದರೆ ಐಫೋನ್‌ನಲ್ಲಿ ಅದು ಇಲ್ಲ, ಲ್ಯಾಪ್‌ಟಾಪ್‌ಗೆ ಸಣ್ಣ ಯುಎಸ್‌ಬಿ ಡಾಂಗಲ್ ಬೇಕು. ಸೆನ್ಸರ್ ಕೊಳ್ಳುವಾಗ ಎರಡೂ ಇರುವುದನ್ನೇ ಕೊಳ್ಳಿ. ಆಗಾಗ ಕಾಣೆಯಾಗುತ್ತಿದ್ದರೆ ಒಳಗಿನ ಗುಂಡಿ ಬ್ಯಾಟರಿ ಬದಲಿಸಿ ನೋಡಿ, ಹೆಚ್ಚಿನವಕ್ಕೆ ಸಿಆರ್2032, ವಾಚ್ ಅಂಗಡಿಯಲ್ಲೇ ಸಿಗುತ್ತದೆ.

ಈಗ ಆ್ಯಪ್. ಜ್ವಿಫ್ಟ್‌ಗೆ ಅಮೆರಿಕದಲ್ಲಿ 2024ರಿಂದ ತಿಂಗಳಿಗೆ 19.99 ಡಾಲರ್. ಅದರಲ್ಲಿ ಜನ ಜಾಸ್ತಿ, ಹಳೆಯ ಮಾದರಿಯ ಟ್ರೈನರ್‌ಗೆ ಸ್ಪೀಡ್ ಸೆನ್ಸರ್ ಹಾಕಿದರೂ ನಡೆಯುತ್ತದೆ. ಮೈವೂಶ್ ಸಂಯುಕ್ತ ಅರಬ್ ಸಂಸ್ಥಾನದ್ದು, ಬಿಟ್ಟಿ. ಬಿಟ್ಟಿ ಅಂತ ಹಗುರ ಮಾಡಬೇಡಿ, 2024ರ ಸೈಕ್ಲಿಂಗ್ ಇಸ್ಪೋರ್ಟ್ಸ್ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು ಅದರ ಮೇಲೆಯೇ. ನಿಮ್ಮ ಹತ್ತಿರ ಸ್ಮಾರ್ಟ್ ಟ್ರೈನರ್ ಇದ್ದರೆ ಅಲ್ಲಿಂದಲೇ ಶುರು ಮಾಡಿ.

ಚಿತ್ರ, ರಸ್ತೆ, ಬೆಟ್ಟ ಏನೂ ಬೇಡ, ತಾಲೀಮು ಮಾತ್ರ ಬೇಕು ಅನ್ನುವವರಿಗೆ ಔಕಿ ಅಂತ ಒಂದಿದೆ. ಇನ್‌ಸ್ಟಾಲ್ ಮಾಡುವುದೂ ಬೇಡ, ಕ್ರೋಮ್ ಬ್ರೌಸರ್‌ನಲ್ಲೇ ತೆರೆದುಕೊಳ್ಳುತ್ತದೆ, ಸ್ಮಾರ್ಟ್ ಟ್ರೈನರನ್ನು ಅಲ್ಲಿಂದಲೇ ನಡೆಸಬಹುದು. ಗೋಲ್ಡನ್ ಚೀಟಾ ಲ್ಯಾಪ್‌ಟಾಪ್‌ಗೆ, ಅದೂ ಬಿಟ್ಟಿ, ಅಂಕಿಗಳ ಆಳಕ್ಕೆ ಇಳಿಯುವ ಆಸೆ ಇದ್ದರೆ ಮಾತ್ರ. ನನ್ನ ಮೆಚ್ಚಿನದು ಇಂಟರ್ವಲ್ಸ್ ಡಾಟ್ ಐಸಿಯು. ತುಳಿದದ್ದೆಲ್ಲ ಅಲ್ಲಿ ಕೂಡುತ್ತದೆ, ಈ ವಾರ ಎಷ್ಟು ಹೊರೆ, ಹೋದ ವಾರ ಎಷ್ಟು ಅಂತ ಒಂದು ಗೆರೆಯಲ್ಲಿ ಕಾಣುತ್ತದೆ, ನಿಮ್ಮ ತಾಲೀಮನ್ನು ನೀವೇ ಬರೆದು ಬೇರೆ ಆ್ಯಪ್‌ಗೆ ಕಳಿಸಬಹುದು. ಇಷ್ಟವಾದವರು ತಮ್ಮ ಕೈಲಾದಷ್ಟು ಕೊಡಲಿ ಅಂತ ನಡೆಸುತ್ತಿರುವುದು ಅದು. ಒಂದು ವರ್ಷ ಬಳಸಿದ ಮೇಲೆ ಸ್ವಲ್ಪವಾದರೂ ಕೊಡಿ ಅಂತ ನನ್ನ ಕೋರಿಕೆ.

ನ್ಯೂಜೆರ್ಸಿಯಿಂದ, ಡಿಸೆಂಬರ್‌ಗೆ ಊರಿಗೆ ಬರಲಿರುವ ಓದುಗರು: ಇಲ್ಲಿ ಹಳೆಯ ಡೈರೆಕ್ಟ್ ಡ್ರೈವ್ ಸ್ಮಾರ್ಟ್ ಟ್ರೈನರ್ ಒಳ್ಳೆಯ ಬೆಲೆಗೆ ಸಿಗುತ್ತಿದೆ. ದಾವಣಗೆರೆಯಲ್ಲಿರುವ ತಮ್ಮನಿಗೆ ತರಬೇಕು ಅಂತ ಇದ್ದೇನೆ. ಏನು ನೋಡಿ ಕೊಳ್ಳಲಿ?

ತಮ್ಮನ ಸೈಕಲ್ ಫೋಟೋ ತರಿಸಿಕೊಳ್ಳಿ, ಅದು ಮೊದಲು. ಡೈರೆಕ್ಟ್ ಡ್ರೈವ್‌ನಲ್ಲಿ ಹಿಂದಿನ ಚಕ್ರ ಬಿಚ್ಚಿ ಸೈಕಲನ್ನು ನೇರ ಟ್ರೈನರ್‌ಗೆ ಕೂರಿಸುತ್ತಾರೆ. ಹಾಗಾಗಿ ಹಿಂದೆ ಇರುವ ಗೇರ್ ಎಷ್ಟು, ಎಂಟಾ, ಒಂಬತ್ತಾ, ಹನ್ನೊಂದಾ, ಅಷ್ಟೇ ಗೇರಿನ ಕ್ಯಾಸೆಟ್, ಅಂದರೆ ಹಲ್ಲಿನ ಚಕ್ರಗಳ ಗೊಂಚಲು, ಟ್ರೈನರ್ ಮೇಲೂ ಇರಬೇಕು. ಹಳೆಯ ಅಥವಾ ಕಡಿಮೆ ಬೆಲೆಯ ಸೈಕಲ್‌ನಲ್ಲಿ ಕ್ಯಾಸೆಟ್ ಬದಲು ತಿರುಪಿನ ಫ್ರೀವೀಲ್ ಇರುತ್ತದೆ, ಅದು ಟ್ರೈನರ್‌ಗೆ ಕೂರುವುದಿಲ್ಲ, ಬೇರೆ ಕ್ಯಾಸೆಟ್ ಕೊಳ್ಳಬೇಕು. ಆಕ್ಸಲ್ ಕ್ವಿಕ್ ರಿಲೀಸಾ, ಫ್ರೇಮಿನ ತೂತುಗಳ ಮೂಲಕ ಹಾಯುವ ದಪ್ಪ ಥ್ರೂ ಆಕ್ಸಲ್ಲಾ ಕೇಳಿ, ಅದಕ್ಕೆ ಬೇಕಾದ ತುಂಡುಗಳು ಮಾರುವವರ ಹತ್ತಿರ ಇವೆಯಾ ನೋಡಿ. ಅವು ಕಳೆದುಹೋಗಿದ್ದರೆ ದಾವಣಗೆರೆಯಲ್ಲಿ ಹುಡುಕುವುದು ಕಷ್ಟ.

ಅಡಾಪ್ಟರ್ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿದ್ದರೆ ಇಲ್ಲಿನ ಕರೆಂಟಿಗೆ ನಡೆಯುತ್ತದೆ, ಪ್ಲಗ್ ಪಿನ್ ಒಂದು ಬೇಕು. ಬರೀ 120 ಅಂತಿದ್ದರೆ ಹಾಗೇ ಚುಚ್ಚಬೇಡಿ, ಸುಟ್ಟುಹೋಗುತ್ತದೆ. ಎಫ್‌ಟಿಎಂಎಸ್ ಅನ್ನುವ ಬ್ಲೂಟೂತ್ ಪದ್ಧತಿ ಇದೆಯಾ ಅಂತ ನೋಡಿ, ಇದ್ದರೆ ಬಹುಪಾಲು ಆ್ಯಪ್‌ಗಳ ಜೊತೆ ಹೊಂದಿಕೊಳ್ಳುತ್ತದೆ. ಕೊಳ್ಳುವ ಮೊದಲು ಹತ್ತು ನಿಮಿಷ ಅದರ ಮೇಲೆ ಕೂತು ತುಳಿಯಿರಿ. ಅರ್ಗ್ ಮೋಡ್ ಹಾಕಿ 150 ವ್ಯಾಟ್ ಕೇಳಿ, ಆಮೇಲೆ 200 ಕೇಳಿ, ನೀವು ಯಾವ ಗೇರ್‌ನಲ್ಲಿದ್ದರೂ ಟ್ರೈನರ್ ತಾನೇ ಭಾರ ಹಾಕಿ ಅಲ್ಲಿಗೆ ತರಬೇಕು. ಕಿರುಗುಟ್ಟುವ ಸದ್ದು, ಸುಟ್ಟ ವಾಸನೆ ಇದ್ದರೆ ಬಿಟ್ಟುಬನ್ನಿ. ಇಂಥವು 15ರಿಂದ 20 ಕಿಲೋ ತೂಗುತ್ತವೆ, ಒಂದು ಸೂಟ್‌ಕೇಸಿನ ಲೆಕ್ಕ ಪೂರ್ತಿ ಅದಕ್ಕೇ ಹೋಗುತ್ತದೆ. ಕೆಟ್ಟರೆ ಇಲ್ಲಿ ರಿಪೇರಿ ಮಾಡುವವರು ಇದ್ದಾರಾ ಅಂತ ಕಂಪನಿಗೆ ಒಂದು ಮೇಲ್ ಹಾಕಿ ಕೇಳಿ. ಉತ್ತರ ಬರದಿದ್ದರೆ ಆ ದುಡ್ಡನ್ನು ತಮ್ಮನ ಕೈಗೆ ಕೊಟ್ಟು ಇಲ್ಲೇ ಕೊಳ್ಳಲು ಹೇಳುವುದು ವಾಸಿ.

ಮೈಸೂರಿನಿಂದ: ಟ್ರೈನರ್, ಸೆನ್ಸರ್, ಆ್ಯಪ್ ಎಲ್ಲ ಇದೆ. ಎರಡು ವಾರ ತುಳಿಯುತ್ತೇನೆ, ಆಮೇಲೆ ಬೇಜಾರು. ಎಫ್‌ಟಿಪಿ ಪರೀಕ್ಷೆ ಮಾಡಿದ್ದೇನೆ, 190 ಬಂತು. ಮುಂದೆ ಏನು?

ಎಫ್‌ಟಿಪಿ 190 ಅಂದರೆ ಸುಮಾರು ಒಂದು ಗಂಟೆ ತಡೆದು ತುಳಿಯಬಲ್ಲ ವ್ಯಾಟ್. 20 ನಿಮಿಷದ ಪರೀಕ್ಷೆ ಮಾಡಿದ್ದರೆ ಸರಾಸರಿಯ 95 ಪರ್ಸೆಂಟ್ ಹಿಡಿದಿರುತ್ತೀರಿ, ಆಗದಷ್ಟಾಗುವವರೆಗೆ ಭಾರ ಏರಿಸುತ್ತಾ ಹೋಗುವ ರ‍್ಯಾಂಪ್ ಪರೀಕ್ಷೆ ಆದರೆ ಕೊನೆಯ ಒಂದು ನಿಮಿಷದ 75 ಪರ್ಸೆಂಟ್. ಎರಡೂ ಒಂದೇ ಉತ್ತರ ಕೊಡುವುದಿಲ್ಲ, ಹಾಗಾಗಿ ಮುಂದಿನ ಸಲವೂ ಮೊದಲಿನದನ್ನೇ ಮಾಡಿ.

ಬೇಜಾರಿಗೆ ಕಾರಣ ನನಗೆ ಕಾಣುವುದು, ನೀವು ದಿನಾ ಒಂದೇ ನಡು ಹದದಲ್ಲಿ ತುಳಿಯುತ್ತಿದ್ದೀರಿ. ನಿಮ್ಮ ಪತ್ರದ ಜೊತೆ ಕಳಿಸಿದ ಪಟ್ಟಿಯಲ್ಲಿ ಎಲ್ಲ ದಿನವೂ 150ರಿಂದ 165ರ ನಡುವೆಯೇ ಇದೆ. ಹಗುರಕ್ಕೆ ಜಾಸ್ತಿ ಆಯಿತು, ಜೋರಿಗೆ ಕಡಿಮೆ ಆಯಿತು. ನಾಲ್ಕು ವಾರ ಹೀಗೆ ಮಾಡಿ. ಮಂಗಳವಾರ 167ರಿಂದ 179 ವ್ಯಾಟ್‌ನಲ್ಲಿ 12 ನಿಮಿಷ, 5 ನಿಮಿಷ ಬಿಡುವು, ಮೂರು ಸಲ. ಗುರುವಾರ 4 ನಿಮಿಷ 205ರ ಮೇಲೆ, 4 ನಿಮಿಷ ಬಿಡುವು, ಮೊದಲ ವಾರ ಮೂರು ಸಲ, ಆಮೇಲೆ ನಾಲ್ಕು, ಐದು. ಮಿಕ್ಕ ದಿನ ತುಳಿದರೆ 140 ದಾಟಬೇಡಿ, ಎಷ್ಟೇ ಆಸೆ ಆದರೂ ದಾಟಬೇಡಿ. ನಾಲ್ಕನೇ ವಾರ ಎರಡೂ ಅರ್ಧಕ್ಕೆ ಇಳಿಸಿ. ಪ್ರತಿ ಹತ್ತು ನಿಮಿಷಕ್ಕೊಮ್ಮೆ ಸೀಟಿನಿಂದ ಎದ್ದು ನಿಂತು ತುಳಿಯಿರಿ, ಟ್ರೈನರ್ ಮೇಲೆ ಸೈಕಲ್ ಅಲುಗಾಡದ ಕಾರಣ ಒಂದೇ ಜಾಗಕ್ಕೆ ಒತ್ತು ಬೀಳುತ್ತದೆ.

ಶುರು ಮಾಡುವ ಮುಂಚಿನ ಭಾನುವಾರ ಚಾಮುಂಡಿ ಬೆಟ್ಟ ಹತ್ತಿ, ಬುಡದಿಂದ ಮೇಲಿನವರೆಗೆ ಎಷ್ಟು ನಿಮಿಷ ಆಯಿತು ಅಂತ ಬರೆದಿಡಿ. ಐದನೇ ಭಾನುವಾರ ಅದೇ ಹೊತ್ತಿಗೆ, ಅದೇ ಸೈಕಲ್‌ನಲ್ಲಿ, ಟೈರಿಗೆ ಅಷ್ಟೇ ಗಾಳಿ ತುಂಬಿ ಮತ್ತೆ ಹತ್ತಿ. ಎರಡೂ ಸಮಯ ನನಗೆ ಬರೆದು ಕಳಿಸಿ.